ಕಸದ ದಿಬ್ಬಕ್ಕೆ ಮೊದಲು ಹುಲ್ಲು

ಓದುಗರ ಪತ್ರ: ಊರ ಹೊರಗಿನ ಹಳೆಯ ಕಸದ ದಿಬ್ಬಕ್ಕೆ ಮುರುಮು ಹರಡಿ ಮುಚ್ಚಿದ್ದಾರೆ. ವನಮಹೋತ್ಸವಕ್ಕೆ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ ಅಲ್ಲಿ ಬೇವು, ಹೊಂಗೆ ನೆಟ್ಟಿತು. ಟ್ಯಾಂಕರಿನಿಂದ ನೀರು ಕೊಟ್ಟರೂ ದೀಪಾವಳಿಯ ಹೊತ್ತಿಗೆ ಬಹುಪಾಲು ಒಣಗಿದವು. ಈ ಸಲ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಬೇಗ ಕಾಡು ಬೆಳೆಸುವ ಮಿಯಾವಾಕಿ ಪದ್ಧತಿ ಅನುಸರಿಸೋಣ ಎನ್ನುತ್ತಿದ್ದಾರೆ. ಸರಿಯೇ? ಬೀಜದುಂಡೆಗಳನ್ನೂ ಎಸೆಯಬಹುದೇ?
– ಪದವಿ ವಿದ್ಯಾರ್ಥಿನಿ, ಬೀದರ್

ಸಂಪಾದಕರ ಉತ್ತರ: ಮಿಯಾವಾಕಿ ಬೇಡ. ಆ ಪದ್ಧತಿಯಲ್ಲಿ ಒಂದು ಮೀಟರಿನಷ್ಟು ಆಳ ಅಗೆದು ಮಣ್ಣು ಹದ ಮಾಡುತ್ತಾರೆ. ನಿಮ್ಮ ದಿಬ್ಬದಲ್ಲಿ ಅಷ್ಟು ಅಗೆದರೆ ಕೈಗೆ ಬರುವುದು ಕಸವೇ.

ಒಣಗಿದ ಸಸಿಗಳಲ್ಲಿ ಒಂದನ್ನು ಬೇರುಸಹಿತ ಎತ್ತಿ ನೋಡಿ. ಬೇರು ಗೇಣುದ್ದ ಇಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿದೆಯೇ? ತುದಿ ಕಪ್ಪಾಗಿದೆಯೇ? ಗುಂಡಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆಯೇ? ಹಾಗಿದ್ದರೆ ಸಸಿ ಉಸಿರುಗಟ್ಟಿ ಸತ್ತಿದೆ. ಗಾಳಿಯಾಡದೆ ಕೊಳೆಯುವ ಕಸದಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಸಮಪಾಲಿನಲ್ಲಿ ಹುಟ್ಟಿ ಮೇಲೇಳುತ್ತವೆ. ಮಣ್ಣಿನ ಸಂದಿನಲ್ಲಿದ್ದ ಆಮ್ಲಜನಕವನ್ನು ಹೊರದಬ್ಬುತ್ತವೆ. ಉಳಿದ ಅಷ್ಟಿಷ್ಟನ್ನು ಮೀಥೇನ್ ಉಣ್ಣುವ ಬ್ಯಾಕ್ಟೀರಿಯಾಗಳು ಮುಗಿಸುತ್ತವೆ. ಟ್ಯಾಂಕರ್ ನೀರು ಇದಕ್ಕೆ ಮದ್ದಲ್ಲ. ಕಸ ಒದ್ದೆಯಾದಷ್ಟೂ ಕೊಳೆಯುವುದು ಚುರುಕಾಗುತ್ತದೆ. (ಅಗೆಯುವಾಗ ಹತ್ತಿರ ಯಾರೂ ಬೀಡಿ ಹಚ್ಚದಿರಲಿ, ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಸೇರಿದ್ದರೆ ಒಂದು ಕಿಡಿ ಸಾಕು. ಸೂಜಿ, ಗಾಜು ಇರುತ್ತವೆ, ದಪ್ಪ ಕೈಗವಸು ಮತ್ತು ಬೂಟು ಇಲ್ಲದೆ ಹೋಗಬೇಡಿ.)

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದವು. ಭರ್ತಿಯಾದ ಜಾಗದ ಮೇಲೆ 60 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ 15 ಸೆಂ.ಮೀ. ನೀರು ಬಸಿಯುವ ಪದರ, ಆಮೇಲೆ ಗಿಡ ಹಿಡಿಯಲು 45 ಸೆಂ.ಮೀ. ಮಣ್ಣು. ಅಲ್ಲಿ ಬೆಳೆಸುವ ಸಸ್ಯಗಳು ಊರಿನ ಹವೆಗೆ ಒಗ್ಗಿದಂಥವು, ಬರ ತಾಳುವಂಥವು, ತಿನ್ನಲು ಬಾರದಂಥವು ಆಗಿರಬೇಕು. ಕಸ ಸ್ಥಿರಗೊಳ್ಳುವವರೆಗೆ ಅವುಗಳ ಬೇರು 30 ಸೆಂ.ಮೀ. ದಾಟಬಾರದು ಎಂದಿದ್ದವು ಆ ನಿಯಮಗಳು. ಎಂದರೆ ಬೇವಿಗೂ ಹೊಂಗೆಗೂ ಅಲ್ಲಿ ಜಾಗವಿಲ್ಲ, ಸೀತಾಫಲದ ಆಸೆಯನ್ನಂತೂ ಬಿಟ್ಟೇಬಿಡಿ. ಎಲ್ಲರೂ ಹೊಗಳುವ ಲಾವಂಚದ ಬೇರು ಎರಡು ಮೂರು ಮೀಟರ್ ಇಳಿಯುತ್ತದೆ. ಅದನ್ನು ದಿಬ್ಬದ ಬುಡದಲ್ಲಿ, ಕೊಳೆನೀರು ಜಿನುಗುವ ಕಡೆ ಹಾಕಿ. ನೆತ್ತಿಗೆ ಗರಿಕೆಯಂಥ ಹುಲ್ಲೇ ಸರಿ.

ಹುಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮುಖ್ಯ ಅತಿಥಿ ನಿಮಗೆ ಸಿಗಲಿಕ್ಕಿಲ್ಲ. 1950ರಲ್ಲಿ ವನಮಹೋತ್ಸವ ಶುರುವಾದಾಗಿನಿಂದ ಹಸಿರು ಎಂದರೆ ಗುಂಡಿ, ಸಸಿ, ಬೋರ್ಡು ಎಂದು ನಾವು ನಂಬಿಕೊಂಡಿದ್ದೇವೆ. ಆದರೆ ಬೀದರ್ ಸೀಮೆಯ ಕೃಷ್ಣಮೃಗಗಳು ಬದುಕಿರುವುದು ಹುಲ್ಲಿನ ಬಯಲಿನಲ್ಲಿ. ಮರಗಳು ಬೇಕೇ ಬೇಕೆಂದರೆ ಕಸವಿಲ್ಲದ ಅಂಚಿನಲ್ಲಿ ಬೇವು, ಬಾರಿ (ಬೋರೆ) ಗುಂಪುಗುಂಪಾಗಿ ಬೆಳೆಸಿ. ನ್ಯೂಯಾರ್ಕಿನ ಫ್ರೆಶ್ ಕಿಲ್ಸ್ ಕಸದ ಗುಡ್ಡದಲ್ಲಿ ಸಂಶೋಧಕರು ಕಂಡದ್ದು ಇದನ್ನೇ: ನೆಟ್ಟ ಗಿಡಮರಗಳ ಮೇಲೆ ಕೂರಲು ಬಂದ ಹಕ್ಕಿಗಳು, ಯಾರೂ ನೆಡದ ಜಾತಿಗಳ ಬೀಜಗಳನ್ನು ತಂದು ಉದುರಿಸಿದ್ದವು.

ನೆಡುವುದಕ್ಕಿಂತ ತುರ್ತಾದ ಕೆಲಸವೊಂದಿದೆ. ಬೀದರಿನ ಜಂಬಿಟ್ಟಿಗೆ ಕಲ್ಲು ರಂಧ್ರಮಯ. ಮಳೆನೀರು ಅದರೊಳಗೆ ಇಳಿದು ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ಹರಿಯುತ್ತದೆ. ಬಹಮನಿ ಕಾಲದವರು ಇದನ್ನು ಅರಿತೇ ನೌಬಾದಿನಲ್ಲಿ ಸುರಂಗ ಬಾವಿ ತೋಡಿದ್ದು. ಊರಿಗೆ ನೀರು ಕೊಟ್ಟ ಆ ರಂಧ್ರಗಳು ಕಸದ ಕೊಳೆನೀರಿಗೂ ದಾರಿ ಬಿಡುತ್ತವೆ. ದಿಬ್ಬದ ಇಳಿಜಾರಿನ ಬಾವಿ, ಬೋರ್‌ವೆಲ್‌ಗಳ ನೀರಿನ ಕ್ಲೋರೈಡ್, ನೈಟ್ರೇಟ್, ವಿದ್ಯುತ್ ವಾಹಕತೆಯನ್ನು ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಅಳೆಯಿರಿ. ಹೋಲಿಕೆಗೆ ದಿಬ್ಬದ ಮೇಲ್ಭಾಗದ ಒಂದು ಬಾವಿಯೂ ಇರಲಿ. ರಸಾಯನಶಾಸ್ತ್ರ ವಿಭಾಗಕ್ಕೆ ಇದು ದೊಡ್ಡ ಕೆಲಸವಲ್ಲ. ಸಸಿ ನೆಡಲು ಯಾರು ಬೇಕಾದರೂ ಬಂದಾರು, ಈ ಲೆಕ್ಕ ಇಡುವವರು ನಿಮ್ಮಂಥವರೇ.

ಇನ್ನು, ನಗರಾಡಳಿತಕ್ಕೆ ಒಂದು ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ಪಡೆಯಿರಿ: ಹಳೆಯ ಕಸವನ್ನು ಅಗೆದು ಜರಡಿ ಹಿಡಿಯುವ ಬಯೋಮೈನಿಂಗ್ ಯೋಜನೆ ಈ ಜಾಗಕ್ಕೆ ಇದೆಯೇ? ಇದ್ದರೆ ನೀವು ಬೆಳೆಸಿದ್ದರ ಮೇಲೆ ಜೆಸಿಬಿ ಹರಿಯುತ್ತದೆ. ಕಾಯುವುದೇ ಜಾಣತನ.

ಕಾಲದ ಲೆಕ್ಕವೂ ಇದೆ. ಎನ್‌ಎಸ್‌ಎಸ್ ಸ್ವಯಂಸೇವಕರ ಪಾಲು ಎರಡು ವರ್ಷಕ್ಕೆ 240 ಗಂಟೆ. ಮುಚ್ಚಿದ ಜಾಗದ ಮೇಲೆ 2016ರ ಅದೇ ನಿಯಮಗಳು ಹೇಳಿದ ನಿಗಾ 15 ವರ್ಷದ್ದು. ಮುಂಬೈಯ ಧಾರಾವಿ ಪಕ್ಕದ ಮಹಾರಾಷ್ಟ್ರ ನಿಸರ್ಗ ಉದ್ಯಾನ ಕೂಡ ಹಿಂದೆ ಕಸ ಸುರಿಯುತ್ತಿದ್ದ ಜಾಗ. ಅದು ಜನರಿಗೆ ತೆರೆದದ್ದು 1994ರಲ್ಲಿ, ಕಸ ಸುರಿಯುವುದು ನಿಂತು ಒಂದೂವರೆ ದಶಕ ದಾಟಿದ ಮೇಲೆ. ನೀವು ಪದವಿ ಮುಗಿಸಿ ಹೋಗುತ್ತೀರಿ. ಆದ್ದರಿಂದ ಈ ಲೆಕ್ಕಗಳನ್ನು ಬರೆದಿಡುವ ದಿನಚರಿ ಪುಸ್ತಕ ನಿಮ್ಮ ಹೆಸರಿನಲ್ಲಿ ಬೇಡ, ಸಸ್ಯಶಾಸ್ತ್ರ ವಿಭಾಗದ ಹೆಸರಿನಲ್ಲಿ ಇರಲಿ.

ಬೀಜದುಂಡೆಯ ಪ್ರಶ್ನೆ: ನೆತ್ತಿಗೆ ಬೇಡ, ಅಂಚಿಗೆ ಆಗಬಹುದು. ಆದರೆ ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಕಳೆದ ವರ್ಷದ ಉಂಡೆಗಳು ಉಳಿದಿದ್ದರೆ ಅವುಗಳ ಮೇಲೆ ಭರವಸೆ ಇಡಬೇಡಿ. ಹೊಸ ಹಣ್ಣು ಉದುರಿದಾಗ ಆಯ್ದು, ಸಿಪ್ಪೆ ತೊಳೆದು, ತಡಮಾಡದೆ ಬಿತ್ತಿ.