ತೈಲದ ದುಡ್ಡು ಖರ್ಚಾದ ಮೇಲೆ ತೋರಿಸುವ ಲೆಕ್ಕ

ಸ್ಕಾಟ್ಲೆಂಡಿನ ಅಬರ್ಡೀನ್‌ನ ತೈಲ ಕಂಪನಿಯೊಂದರಲ್ಲಿ ಕೆಲಸ ಮಾಡುವ ಧಾರವಾಡ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಬಗ್ಗೆ ನಿಮ್ಮ ಬರಹದಲ್ಲಿ ಭಾವನೆ ಜಾಸ್ತಿ, ಲೆಕ್ಕ ಕಡಿಮೆ. ಇಲ್ಲಿ ಬರುವ ತೆರಿಗೆಗಿಂತ ಆಗುವ ಖರ್ಚೇ ಹೆಚ್ಚು. ಬೇರೆಯಾದರೆ ಪಿಂಚಣಿ ಯಾರು ಕೊಡುತ್ತಾರೆ?"

ಸ್ವಾಮಿ, ತೈಲದ ಊರಲ್ಲೇ ಕೂತು ತೈಲದ ಹೆಸರೇ ಎತ್ತದೆ ಪತ್ರ ಮುಗಿಸಿದ್ದೀರಲ್ಲ!

ನಿಮ್ಮ ಮಾತಿನಲ್ಲಿ ನಿಜ ಇದೆ. 2023-24ರಲ್ಲಿ ಸ್ಕಾಟ್ಲೆಂಡಿನ ಕೊರತೆ ಅಲ್ಲಿನ ಜಿಡಿಪಿಯ ಶೇ. 10ರ ಆಸುಪಾಸು. ಇಡೀ ಬ್ರಿಟನ್ನಿನದು ಅದರ ಅರ್ಧಕ್ಕೂ ಕಡಿಮೆ. 2014ರ ಜನಮತಗಣನೆಗೆ ಮುಂಚೆ ಸ್ವಾತಂತ್ರ್ಯವಾದಿಗಳು ತೈಲದ ಬೆಲೆ ಬ್ಯಾರಲ್‌ಗೆ 110 ಡಾಲರ್ ಎಂದು ಲೆಕ್ಕ ಹಾಕಿದ್ದರು. 2016ರ ಆರಂಭದಲ್ಲಿ ಅದು 30ಕ್ಕಿಂತ ಕೆಳಗಿಳಿಯಿತು. ಪೌಂಡ್ ಹಂಚಿಕೊಳ್ಳಲು ಬಿಡುವುದಿಲ್ಲ ಎಂದು ಬ್ರಿಟನ್ನಿನ ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಅಂದಾಗ ಸ್ವಾತಂತ್ರ್ಯವಾದಿಗಳ ನಾಯಕ ಅಲೆಕ್ಸ್ ಸಾಲ್ಮಂಡ್ ಬಳಿ ಗಟ್ಟಿ ಉತ್ತರ ಇರಲಿಲ್ಲ. ಶೇ. 55 ಜನ ಬೇಡ ಎಂದರು. ಒಪ್ಪಿದೆ.

ಆದರೆ ನೀವು ಹೇಳುವ ಆ ಲೆಕ್ಕ ಯಾವ ಮನೆಯದು? ಬರೆಯುವವರು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ಅಧಿಕಾರಿಗಳೇ, ಸರಿ. ಬರೆದಿರುವುದು ಮಾತ್ರ ಬ್ರಿಟನ್ನಿನ ಒಕ್ಕೂಟದೊಳಗಿನ ಸಂಸಾರದ್ದು. ಬ್ರಿಟನ್ನಿನ ರಕ್ಷಣಾ ವೆಚ್ಚದಲ್ಲಿ, ಸಾಲದ ಬಡ್ಡಿಯಲ್ಲಿ ಸ್ಕಾಟ್ಲೆಂಡಿನ ತಲೆಗೂ ಒಂದು ಪಾಲು ಕಟ್ಟಿದ್ದಾರೆ. ಸ್ಕಾಟ್ಲೆಂಡಿನ ಫಾಸ್ಲೇನ್ ನೌಕಾನೆಲೆಯಲ್ಲಿ ನಿಂತಿರುವ ಅಣ್ವಸ್ತ್ರ ಜಲಾಂತರ್ಗಾಮಿಗಳ ಖರ್ಚೂ ಅದರಲ್ಲಿ ಬಂತು. 1707ರಿಂದ ಇಂಗ್ಲೆಂಡಿನ ಜೊತೆ ಒಟ್ಟಿಗಿದ್ದೂ ಕೊರತೆ ಇಷ್ಟಿದ್ದರೆ, ಅದು ಒಟ್ಟಿಗಿರುವುದಕ್ಕೆ ಕೊಡುವ ಸರ್ಟಿಫಿಕೇಟಾ?

ಈಗ ತೈಲಕ್ಕೆ ಬರೋಣ. 1974ರಲ್ಲಿ ಗ್ಯಾವಿನ್ ಮೆಕ್ರೋನ್ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞ ಒಂದು ವರದಿ ಬರೆದ. ಸ್ಕಾಟ್ಲೆಂಡ್ ಸ್ವತಂತ್ರವಾದರೆ ಮುಜುಗರ ಆಗುವಷ್ಟು ಹಣ ಮಿಗುತ್ತದೆ, ಅದರ ನಾಣ್ಯ ಯುರೋಪಿನ ಗಟ್ಟಿ ನಾಣ್ಯಗಳಲ್ಲಿ ಒಂದಾಗುತ್ತದೆ ಎಂಬುದು ಅದರ ಸಾರ. ಅದೇ ವರ್ಷ ಅಕ್ಟೋಬರ್ ಚುನಾವಣೆಯಲ್ಲಿ "ಇದು ಸ್ಕಾಟ್ಲೆಂಡಿನ ತೈಲ" ಎಂದು ಕೂಗುತ್ತಿದ್ದ, ಸ್ವಾತಂತ್ರ್ಯ ಕೇಳುವ ಪಕ್ಷವಾದ ಎಸ್‌ಎನ್‌ಪಿಗೆ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) 11 ಸೀಟು ಬಂತು. ವರದಿ ಕಪಾಟು ಸೇರಿತು. ಜನರ ಕೈಗೆ ಸಿಕ್ಕಿದ್ದು 2005ರಲ್ಲಿ, ಮಾಹಿತಿ ಹಕ್ಕಿನ ಕಾನೂನಿನಿಂದ. ಮೂವತ್ತು ವರ್ಷ! ಅಷ್ಟರಲ್ಲಿ ಥ್ಯಾಚರ್ ಕಾಲದ ತೆರಿಗೆ ಕಡಿತಕ್ಕೆ, ನಿರುದ್ಯೋಗ ಭತ್ಯೆಗೆ ಆ ತೈಲದ ದುಡ್ಡು ಕರಗಿ ಹೋಗಿತ್ತು. ಹೆಚ್ಚುಕಡಿಮೆ ಸ್ಕಾಟ್ಲೆಂಡಿನಷ್ಟೇ ಜನರಿರುವ ನಾರ್ವೆ ಅದೇ ಉತ್ತರ ಸಮುದ್ರದ ತೈಲದ ದುಡ್ಡನ್ನು ಕೂಡಿಡಲು 1990ರಲ್ಲಿ ನಿಧಿ ಮಾಡಿತು. ಇವತ್ತು ಅದರಲ್ಲಿ ಒಂದು ಲಕ್ಷ ಕೋಟಿ ಡಾಲರ್‌ಗೂ ಜಾಸ್ತಿ ಇದೆ.

ನಾರ್ವೆ ಮೊದಲಿಂದಲೂ ಬೇರೆ ದೇಶ, ಅದರ ಮಾತು ಬಿಡಿ ಅಂತೀರಾ? ಶೆಟ್ಲೆಂಡ್ ನೋಡಿ. ಸ್ಕಾಟ್ಲೆಂಡಿನದೇ ದ್ವೀಪಗಳು. ಜನ ಇಪ್ಪತ್ತು ಸಾವಿರ ಚಿಲ್ಲರೆ. ಅಲ್ಲಿನ ಸಲ್ಲಮ್ ವೋ ಎಂಬ ಜಾಗಕ್ಕೆ ತೈಲ ಟರ್ಮಿನಲ್ ಬರುತ್ತದೆ ಎಂದಾಗ ಅಲ್ಲಿನ ಕೌನ್ಸಿಲ್ ಕೈಕಟ್ಟಿ ಕೂರಲಿಲ್ಲ. 1974ರಲ್ಲಿ ಪಾರ್ಲಿಮೆಂಟಿನಿಂದಲೇ ತನಗೊಂದು ಕಾಯ್ದೆ ಮಾಡಿಸಿಕೊಂಡಿತು. ದೊಡ್ಡ ದೊಡ್ಡ ಕಂಪನಿಗಳ ಎದುರು ಕೂತು ಚೌಕಾಸಿ ಮಾಡಿತು. ಬಂದ ದುಡ್ಡನ್ನು ಟ್ರಸ್ಟಿನಲ್ಲಿಟ್ಟಿತು. ಮುದುಕರ ಆರೈಕೆ, ಈಜುಕೊಳ, ಆಟದ ಕೇಂದ್ರಗಳಿಗೆ ಅದರಿಂದ ಹಣ ಹೋಯಿತು. ಒಂದು ದ್ವೀಪದ ಕೌನ್ಸಿಲಿಗೆ ಹೊಳೆದದ್ದು ಲಂಡನ್ನಿನ ಖಜಾನೆಗೆ ಹೊಳೆಯಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಸಣ್ಣವರಿಗೆ ದುಡ್ಡು ನಿಭಾಯಿಸಲು ಬರಲ್ಲ ಎನ್ನುವ ಧಾಟಿ ಎಲ್ಲ ರಾಜಧಾನಿಗಳಲ್ಲೂ ಇದೆ. ಜನರಿಗೆ ಬೇಕಾದ ಅಂಕಿಯನ್ನು ಬೇಕಾದ ಹೊತ್ತಿನಲ್ಲಿ ಮುಚ್ಚಿಡುತ್ತಾರೆ. ಹಣವೆಲ್ಲ ಖರ್ಚಾದ ಮೇಲೆ ಪಟ್ಟಿ ಹಿಡಿದು ಬಂದು, "ಭಾವನೆ ಬೇಡ, ಲೆಕ್ಕ ಮಾತಾಡಿ" ಅಂತಾರೆ. ನಮ್ಮ ಟಿವಿಯ ತಜ್ಞರೂ ಸುಮ್ನೆ ತಲೆಯಾಡಿಸುತ್ತಾರೆ. ನಿಮ್ಮಂಥ ಓದಿಕೊಂಡವರೂ ಅದನ್ನೇ ನಂಬಿದರೆ ಹೇಗೆ?

ಮೆಕ್ರೋನ್ ವರದಿ ಈಗ ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ, ಉದ್ದ ಏನಿಲ್ಲ. ಓದಿ, ಇನ್ನೊಂದು ಪತ್ರ ಬರೆಯಿರಿ. ಜಗಳಕ್ಕೇ ಬನ್ನಿ, ಪ್ರಕಟಿಸುತ್ತೇನೆ.

— ಸಂ.