ಅಂಗಡಿಯ ಫೋನು ಯಾರ ಕೈಯಲ್ಲಿರಬೇಕು?

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೀರಿ. ಗೂಗಲ್‌ನಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು ‘ಬಣ್ಣ ಹೋಗುತ್ತದೆ, ಕೇಳಿದರೆ ಉತ್ತರವಿಲ್ಲ’ ಎಂದು ಬರೆದಿದ್ದಾರೆ. ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಎಲ್ಲವನ್ನೂ ನೋಡಿಕೊಳ್ಳುತ್ತೇನೆಂದು ಒಬ್ಬರು ತಿಂಗಳಿಗೆ ಹನ್ನೆರಡು ಸಾವಿರ ಕೇಳುತ್ತಿದ್ದಾರೆ, ಕೊಡಲೇ ಎಂಬುದು ನಿಮ್ಮ ಪ್ರಶ್ನೆ. ಕೊಡಬೇಡಿ. ಅದರಲ್ಲಿ ಅರ್ಧವನ್ನು ಕೌಂಟರಿನಲ್ಲಿ ನಿಲ್ಲುವವರ ಸಂಬಳಕ್ಕೆ ಸೇರಿಸಿ, ಫೋನನ್ನೂ ಅವರ ಕೈಗೇ ಕೊಟ್ಟುಬಿಡಿ. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ.

ನಮ್ಮದು ಹುಬ್ಬಳ್ಳಿ. ಅಜ್ಜ ಗಾದಿಯ ಮೇಲೆ ಕುಳಿತು ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರಿದ ಅಂಗಡಿಯನ್ನೇ ನಾನು ನಡೆಸುತ್ತಿದ್ದೇನೆ. 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದಾಗ ಬಹಳ ಹುರುಪಿನಿಂದ ಹಾಕಿಸಿಕೊಂಡೆ. ಸಂದೇಶಗಳು ಹೆಚ್ಚಿದಂತೆ ಉತ್ತರಿಸುವ ಕೆಲಸವನ್ನು ಹೊರಗಿನವರಿಗೆ ವಹಿಸಿದೆ. ಸೀರೆಯನ್ನು ಒಮ್ಮೆಯೂ ಮಡಚಿ ನೋಡದವರು ನಮ್ಮ ಹೆಸರಿನಲ್ಲಿ ಮಾತನಾಡತೊಡಗಿದರು.

ಗದಗಿನ ಒಬ್ಬ ಅಕ್ಕಾವರು ನಮ್ಮಲ್ಲಿ ಅರಿಶಿನ ಬಣ್ಣದ ಒಡಲು, ಕೆಂಪು ಸೆರಗಿನ ಸೀರೆ ಕೊಂಡಿದ್ದರು. ಮೊದಲ ಸಲ ನೀರಿಗೆ ಹಾಕುತ್ತಲೇ ಸೆರಗಿನ ಕೆಂಪು ಒಡಲಿಗೆ ಇಳಿಯಿತು. ಅವರು ಫೋಟೋ ಕಳಿಸಿದರು. ನಮ್ಮ ಕಡೆಯಿಂದ ಹೋದ ಉತ್ತರ: ‘ಪ್ರಿಯ ಗ್ರಾಹಕರೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ಪಕ್ಕದಲ್ಲಿ ಕೈಮುಗಿದ ಚಿತ್ರ ಬೇರೆ. ಮರುದಿನ ಬೆಳಿಗ್ಗೆ ಅದೇ ನಂಬರಿನಿಂದ ಅವರಿಗೆ ಶ್ರಾವಣದ ರಿಯಾಯಿತಿಯ ಜಾಹೀರಾತು ಹೋಯಿತು. ಸಂಜೆ ಗೂಗಲ್‌ನಲ್ಲಿ ಒಂದು ಸ್ಟಾರ್ ಬಿತ್ತು, ಜೊತೆಗೆ ಒಂದು ಸಾಲು: ‘ನಮ್ಮ ತಾಯಿ ಇವರ ಅಜ್ಜನ ಹತ್ತಿರ ಸೀರೆ ತೆಗೆದುಕೊಂಡವರು. ಈಗ ಈ ಅಂಗಡಿಯಲ್ಲಿ ಮನುಷ್ಯರು ಇದ್ದಂತಿಲ್ಲ.’

ನಾನು ವಕೀಲರ ಧಾಟಿಯಲ್ಲಿ ಉತ್ತರ ಬರೆಯಲು ಕುಳಿತಿದ್ದೆ. ಅಂಗಡಿಯಲ್ಲಿ ಎಲ್ಲರೂ ಕಾಕಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ, ತಂದೆಯವರ ಕಾಲದಿಂದಲೂ ಸೀರೆ ಬಿಚ್ಚಿ ತೋರಿಸುವವರು. ಅವರು ಫೋನು ಕಿತ್ತುಕೊಂಡು ನೇರವಾಗಿ ಕರೆ ಮಾಡಿದರು. ‘ಅಕ್ಕಾವರೇ, ಯಾವ ಸೋಪು ಹಾಕಿದಿರಿ ಎಂದು ನಾನು ಕೇಳುವುದಿಲ್ಲ. ಬಣ್ಣ ಬಿಟ್ಟದ್ದು ನಮ್ಮ ಸೀರೆ. ಬರುವವರ ಕೈಯಲ್ಲಿ ಕೊಟ್ಟು ಕಳಿಸಿ, ಬೇರೆಯದು ಕೊಡುತ್ತೇವೆ.’ ನನ್ನನ್ನು ಒಂದು ಮಾತು ಕೇಳಲಿಲ್ಲ! ಎರಡು ಸಾವಿರದ ಎಂಟುನೂರು ರೂಪಾಯಿಯ ಮಾಲು. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಾಕಾ ನನಗೆ ಹೇಳದೆ ಮಾಡಿದ್ದೇಕೆಂದರೆ, ಕೇಳಿದ್ದರೆ ನಾನು ಬೇಡವೆನ್ನುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು. ಆ ರಾತ್ರಿ ನಿದ್ದೆಗೆಡಿಸಿದ್ದು ಹಣವಲ್ಲ, ಇದು.

ಅಕ್ಕಾವರು ಬೇರೆ ಸೀರೆ ಒಯ್ದರು, ತಮ್ಮ ದೂರಿನ ಕೆಳಗೆ ‘ಬದಲಿಸಿಕೊಟ್ಟರು’ ಎಂದು ಸೇರಿಸಿದರು. ಸ್ಟಾರ್ ಮಾತ್ರ ಇಂದಿಗೂ ಒಂದೇ. ಇರಲಿ.

ದೊಡ್ಡ ಕಂಪನಿಗಳಲ್ಲಿ ಕಲ್ಚರ್ ಎಂದು ಏನೇನೋ ಹೇಳುತ್ತಾರೆ. ನಮ್ಮಂಥ ಆರು ಜನರ ಅಂಗಡಿಯಲ್ಲಿ ಅದು ಸಂಬಳದ ಲೆಕ್ಕದಲ್ಲೇ ಕಾಣುತ್ತದೆ. ಒಂದು ವರ್ಷ ನಾನು ಸೀರೆಗೆ ಇಷ್ಟು ಎಂದು ಹುಡುಗರಿಗೆ ಕಮಿಷನ್ ಇಟ್ಟೆ. ಮೂರೇ ತಿಂಗಳಲ್ಲಿ ಅವರು ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ಹೇಳಿ ಮಾರುತ್ತಿದ್ದರು. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸನ್ನು, ಅಂದರೆ ಮಗ್ಗದ ಉದ್ದಕ್ಕೆ ಹೂಡುವ ನೂಲನ್ನು, ಸೆರಗಿನ ಹಾಸಿನ ಜೊತೆ ಕೊಂಡಿ ಹಾಕಿ ಜೋಡಿಸುತ್ತಾರೆ, ಹಾಗಾಗಿ ಒಂದೊಂದು ಸೀರೆಗೂ ಬೇರೆಯೇ ಹಾಸು ಹೂಡಬೇಕು. ಬೆಲೆ ಹೆಚ್ಚಾಗುವುದು ಅದರಿಂದ. ಆ ಜೋಡಣೆಯನ್ನು ಬೆರಳಿಟ್ಟು ತೋರಿಸಬೇಕಾದ ಹುಡುಗ ಸೆರಗನ್ನು ಬೇಗಬೇಗ ಮಡಚಿಬಿಡುತ್ತಿದ್ದ. ತಪ್ಪು ಅವನದಲ್ಲ, ಕಮಿಷನ್ ಇಟ್ಟವನದು. ಅದನ್ನು ತೆಗೆದು ದೀಪಾವಳಿಗೆ ಎಲ್ಲರಿಗೂ ಸಮನಾದ ಬೋನಸ್ ಮಾಡಿದೆ. ಮೂರು ಸಾವಿರದವರೆಗಿನ ಮಾಲನ್ನು ನನ್ನನ್ನು ಕೇಳದೆ ಬದಲಿಸಿಕೊಡುವ ಹಕ್ಕನ್ನು ಕೌಂಟರಿಗೇ ಬಿಟ್ಟೆ. ದುರುಪಯೋಗವಾಗುವುದಿಲ್ಲವೇ ಎಂದರೆ, ಆಗುತ್ತದೆ. ಒಬ್ಬರು ಮದುವೆಯಲ್ಲಿ ಉಟ್ಟು ತಂದು ಬದಲಿಸಿಕೊಂಡು ಹೋದರು. ನೆರಿಗೆಯಲ್ಲಿ ಅಕ್ಷತೆ ಕಾಳು ಇತ್ತು.

ಈಗ ನಿಮ್ಮ ಒಂದು ಸ್ಟಾರಿನ ವಿಷಯ. ನಿಮಗೆ ಹಿಡಿಸಲಿಲ್ಲ ಎಂದು ಗೂಗಲ್ ಅದನ್ನು ತೆಗೆಯುವುದಿಲ್ಲ, ನಿಯಮ ಮುರಿದಿದ್ದರೆ ಮಾತ್ರ ತೆಗೆಯುತ್ತದೆ. ಬಂಧುಬಳಗದವರಿಂದ ಐದು ಸ್ಟಾರ್ ಹಾಕಿಸುವುದು, ಸ್ಟಾರ್ ಕೊಟ್ಟವರಿಗೆ ರಿಯಾಯಿತಿ ಕೊಡುವುದು ಎರಡೂ ಅವರ ನಿಯಮಕ್ಕೆ ವಿರುದ್ಧ; ಓದುವವರಿಗೂ ಗೊತ್ತಾಗುತ್ತದೆ, ಒಂದೇ ವಾರದಲ್ಲಿ ಒಂದೇ ಅಡ್ಡಹೆಸರಿನ ಹತ್ತು ಜನ ಹೊಗಳಿದರೆ ಯಾರು ನಂಬುತ್ತಾರೆ? ಮೊದಲು ಬಿಲ್ ಹುಡುಕಿ ಅವರಿಗೆ ಕರೆ ಮಾಡಿ. ಆಮೇಲೆ ಅಲ್ಲೇ ಕೆಳಗೆ ಎರಡು ಸಾಲು ಬರೆಯಿರಿ, ಏನಾಯಿತು, ಏನು ಮಾಡಿದಿರಿ ಎಂದಷ್ಟೇ. ಆ ಬಟ್ಟೆಯನ್ನು ಮಾರಿದವರೇ ಬರೆದರೆ ಇನ್ನೂ ಒಳ್ಳೆಯದು, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.

ಇನ್‌ಸ್ಟಾಗ್ರಾಮ್ ಬೇಡವೆನ್ನುತ್ತಿಲ್ಲ. ನಾವೂ ಹಾಕುತ್ತೇವೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಬಣ್ಣವೇ ಬೇರೆಯಾಗಿ ಕಾಣುತ್ತದೆ ಎಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ಸೀರೆ ಹರಡುತ್ತೇವೆ. ಕೆಂಪು ಸೆರಗಿನ ಪ್ರತಿ ಫೋಟೋದ ಕೆಳಗೂ ಕಾಕಾ ಹೇಳಿ ಬರೆಸುತ್ತಾರೆ: ‘ಮೊದಲ ಸಲ ಉಪ್ಪು ನೀರಿನಲ್ಲಿ, ಬೇರೆಯಾಗಿ ತೊಳೆಯಿರಿ. ಆದರೂ ಬಣ್ಣ ಬಿಟ್ಟರೆ ತಂದುಕೊಡಿ.’