ಕೇಳುವುದನ್ನು ಕಲಿಯಲು ಎರಡು ದಿನ ಸಾಲದು

ಪ್ರಶ್ನೆ: ಗದಗದಲ್ಲಿ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತೇನೆ. ಶಾಲೆ ಬಿಟ್ಟವರು, ಗೋವಾಕ್ಕೆ ದುಡಿಯಲು ಹೋಗಿ ಬಂದವರು, ಹೀಗೆ 16ರಿಂದ 21ರೊಳಗಿನ ಹುಡುಗ–ಹುಡುಗಿಯರ ಜೊತೆ ನಮ್ಮ ಆರು ಜನ ಕಾರ್ಯಕರ್ತರು ಕೆಲಸ ಮಾಡುತ್ತಾರೆ. ಅವರಿಗೆ ಎರಡು ದಿನ ‘ಕೋಚಿಂಗ್ ಕೌಶಲ’ದ ತರಬೇತಿ ಕೊಡಿಸಿದೆವು. ಆದರೂ ಭಾಷಣ ಬಿಟ್ಟಿಲ್ಲ. ಹುಡುಗರು ತಲೆಯಾಡಿಸಿ ಹೋಗುತ್ತಾರೆ, ಮುಂದಿನ ವಾರ ಬರುವುದಿಲ್ಲ. ತಪ್ಪಿದ್ದೆಲ್ಲಿ?

ಉತ್ತರ: ಧಾರವಾಡದ ಸಪ್ತಾಪುರದಲ್ಲಿ ನಿಂತು ‘ಕೋಚಿಂಗ್ ಎಲ್ಲಿ?’ ಎಂದರೆ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಕ್ಲಾಸಿನತ್ತ ಕೈ ತೋರಿಸುತ್ತಾರೆ. ಅಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ನಿಮ್ಮವರ ತಲೆಯಲ್ಲೂ ಅದೇ ಚಿತ್ರ ಕೂತಿರಬಹುದು. ನೀವು ಕಲಿಸಬೇಕೆಂದ ಕೋಚಿಂಗ್ ಬೇರೆ: ಪ್ರಶ್ನೆ ಹಾಕಿ, ಕಿವಿಗೊಟ್ಟು, ಎದುರಿನವರೇ ದಾರಿ ಕಂಡುಕೊಳ್ಳುವಂತೆ ಮಾಡುವುದು. ಎರಡು ದಿನದ ತರಬೇತಿಯೂ ಸ್ಲೈಡ್ ತೋರಿಸಿ ಮುಗಿದಿದ್ದರೆ, ಭಾಷಣ ಮಾಡಬೇಡಿ ಎಂದು ಭಾಷಣ ಮಾಡಿದಂತಾಯಿತು.

ನಾನು ತರಬೇತಿ ಕೊಡುವಾಗ ಮೂರು ಮೂರು ಜನರನ್ನು ಕೂರಿಸುತ್ತೇನೆ. ಒಬ್ಬರು ತಮ್ಮದೇ ನಿಜವಾದ ತಾಪತ್ರಯ ಹೇಳಬೇಕು. ಸಾಲವೋ ಗಾಡಿ ರಿಪೇರಿಯೋ, ಏನಾದರೂ ಆದೀತು. ಇನ್ನೊಬ್ಬರು ಸಲಹೆ ಕೊಡದೆ ಕಿವಿಗೊಟ್ಟು ಕೇಳಬೇಕು. ಮೂರನೆಯವರ ಕೈಯಲ್ಲಿ ಹಾಳೆ: ಕೇಳುವವರ ಬಾಯಿಂದ ‘ಹಿಂಗ ಮಾಡ್ರಿ’ ಬಂದಾಗಲೆಲ್ಲ ಒಂದು ಗೀಟು. ಹತ್ತು ನಿಮಿಷಕ್ಕೆ ಹದಿನಾಲ್ಕು ಗೀಟು ಬಿದ್ದದ್ದನ್ನು ಕಂಡು ಹಾವೇರಿಯ ಹಿರಿಯ ಕಾರ್ಯಕರ್ತರೊಬ್ಬರು ಹಾಳೆ ಕಸಿದುಕೊಂಡು ತಾವೇ ಎಣಿಸಿದ್ದರು.

ಆಮೇಲೆ ‘ಯಾಕ’ ಎಂಬುದನ್ನು ಬಿಡಿಸಿ. ‘ಐಟಿಐ ಯಾಕ ಬಿಟ್ಟಿ?’ ಎಂದರೆ ಹುಡುಗನಿಗೆ ಹೆಡ್‌ಮಾಸ್ತರರೇ ಕೇಳಿದಂತೆ. ‘ಐಟಿಐಗೆ ಹೋಗೋ ದಿನ ಮುಂಜಾನೆ ಹೆಂಗ ಇರ್ತಿತ್ತು?’ ಎಂದಾಗ ಮುಂಡರಗಿ ಕಡೆಯ ಒಬ್ಬ ಹೇಳಿದ: ‘ಅಕ್ಕಗ ಬಸ್ ಫ್ರೀ ರೀ. ನನಗ ಪಾಸ್ ಮಾಡ್ಸಾಕ ರೊಕ್ಕ ಇರಲಿಲ್ಲ. ಕಂಡಕ್ಟರ್ ನಡುದಾರ್‍ಯಾಗ ಇಳಿಸಿದ್ರ ಮಂದಿ ನೋಡ್ತಾರಂತ ಹೋಗೋದ ಬಿಟ್ಟೆ.’ ಅವನಿಗೆ ಹುರುಪಿನ ಮಾತು ಯಾಕೆ ಬೇಕು? ಪಾಸು ಬೇಕು. ಅವತ್ತು ಕೋಚಿಂಗ್ ಅಲ್ಲಿಗೇ ನಿಲ್ಲಿಸಿ ಪಾಸಿನ ಅರ್ಜಿ ತುಂಬಿದೆವು.

ತರಬೇತಿಯಲ್ಲಿ ‘ಗ್ರೋ’ ಮಾದರಿ ಹೇಳಿಕೊಟ್ಟಿರುತ್ತಾರೆ: ಗುರಿ, ವಾಸ್ತವ, ದಾರಿಗಳು, ಸಂಕಲ್ಪ. ಜಾನ್ ವಿಟ್ಮೋರ್ ಅವರ 1992ರ ಪುಸ್ತಕದಿಂದ ಪ್ರಸಿದ್ಧವಾದ ಇದು ಕಂಪನಿಗಳ ಮ್ಯಾನೇಜರುಗಳ ನಡುವೆ ಬೆಳೆದದ್ದು. ನೌಕರಿ ಕೈಯಲ್ಲಿದ್ದವರಿಗೆ ಗುರಿ ಕೇಳಬಹುದು. ನಮ್ಮ ಹುಡುಗರನ್ನು ಮೊದಲೇ ಗುರಿ ಕೇಳಿದರೆ ‘ಪೊಲೀಸ್ ಆಗ್ತೀನ್ರಿ’ ಅನ್ನುತ್ತಾರೆ, ಇಲ್ಲವೇ ನೆಲ ನೋಡುತ್ತಾರೆ. ವಾಸ್ತವದಿಂದ ಶುರು ಮಾಡಿ. ದಾರಿಗಳ ಹಂತದಲ್ಲಿ ಮಾತ್ರ ಕಾರ್ಯಕರ್ತರು ಸುಮ್ಮನಿರುವ ಹಾಗಿಲ್ಲ. 14 ವರ್ಷ ತುಂಬಿದವರು ಎನ್‌ಐಓಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿ ಬರೆಯಬಹುದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಇಂಥದ್ದು ಹುಡುಗನಿಗೆ ತಾನಾಗಿ ಹೊಳೆಯಲಿ ಎಂದು ಕಾಯುವುದು ಕೋಚಿಂಗ್ ಅಲ್ಲ, ಸತಾಯಿಸುವುದು. ‘ನನಗ ಗೊತ್ತಿರೋದ ಒಂದ ಹೇಳ್ಲೇನು?’ ಎಂದು ಕೇಳಿ ಹೇಳಲಿ.

ಮನಃಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್, ಸ್ಟೀಫನ್ ರೋಲ್‌ನಿಕ್ ಬೆಳೆಸಿದ ‘ಪ್ರೇರಣಾ ಸಂದರ್ಶನ’ (ಮೋಟಿವೇಶನಲ್ ಇಂಟರ್‌ವ್ಯೂಯಿಂಗ್) ಎಂಬ ಪದ್ಧತಿಯಿದೆ: ಬದಲಾಗುವ ಕಾರಣವನ್ನು ಎದುರಿನವರ ಬಾಯಿಂದಲೇ ಹೊರಡಿಸುವ ಮಾತುಕತೆ. ಅದರಲ್ಲಿ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ‘ಮತ್ತ ಕಲಿಬೇಕಂತ ಹತ್ತಕ್ಕ ಎಷ್ಟ ಅನಸ್ತೈತಿ?’ ‘ನಾಕು.’ ‘ಎರಡ ಯಾಕ ಅನ್ಲಿಲ್ಲ?’ (ಈ ಒಂದು ‘ಯಾಕ’ಗೆ ಮಾಫಿ.) ಆಗ ಕಲಿಯಬೇಕಾದ ಕಾರಣಗಳನ್ನು ಹುಡುಗನೇ ಹೇಳತೊಡಗುತ್ತಾನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರವೂ ಮಿಲ್ಲರ್ ಬಳಿಯೇ ಇದೆ. ಈ ಪದ್ಧತಿಯನ್ನು ಕಲಿಸುವ ಬಗೆ ಕುರಿತ 2004ರ ಅವರ ಅಧ್ಯಯನದಲ್ಲಿ ಬರೀ ಕಾರ್ಯಾಗಾರಕ್ಕೆ ಬಂದುಹೋದವರು ಕಲಿತದ್ದು ಕೆಲವೇ ತಿಂಗಳಲ್ಲಿ ಸೋರಿಹೋಗಿತ್ತು. ಆಮೇಲೂ ತಮ್ಮ ಸಂಭಾಷಣೆಯ ಮೇಲೆ ಅಭಿಪ್ರಾಯ ಪಡೆದವರಲ್ಲಿ, ಫೋನಿನಲ್ಲಿ ಮಾರ್ಗದರ್ಶನ ಸಿಕ್ಕವರಲ್ಲಿ ಹೆಚ್ಚು ಉಳಿದಿತ್ತು. ಹಾಗಾಗಿ ಇನ್ನೊಂದು ಕಾರ್ಯಾಗಾರಕ್ಕೆ ರೊಕ್ಕ ಹಾಕಬೇಡಿ. ಹದಿನೈದು ದಿನಕ್ಕೊಮ್ಮೆ ಒಂದು ತಾಸು ಆರೂ ಜನ ಕೂಡಲಿ. ಹುಡುಗರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ಐದು ನಿಮಿಷದ ಮಾತನ್ನು ಒಬ್ಬರು ಕೇಳಿಸಲಿ, ಗೀಟು ಹಾಕಿ, ಆ ರೆಕಾರ್ಡಿಂಗ್ ಅಲ್ಲೇ ಅಳಿಸಿಬಿಡಿ.

‘ಯಾರಿಗೂ ಹೇಳಂಗಿಲ್ಲ’ ಎಂದು ಮಾತ್ರ ಯಾವ ಕಾರ್ಯಕರ್ತರೂ ಆಣೆ ಮಾಡಬಾರದು. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಾಯುವ ಮಾತು ಬಂದರೆ ಹುಡುಗನನ್ನು ಒಂಟಿ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಕಾರ್ಯಕರ್ತೆ, ವಯಸ್ಸು 23. ಹುಡುಗಿಯರ ಜೊತೆ ಒಂಟಿಯಾಗಿ ಮಾತಾಡಲು ಮನೆಯವರು ಬಿಡುವುದಿಲ್ಲ.

ಉತ್ತರ: ಒಂಟಿಯಾಗಿ ಯಾಕೆ ಕೂರಬೇಕು, ತಂಗಿ? ಸೀಸನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಅವರ ಪಕ್ಕ ನೀವೂ ಕೂಡ್ರಿ. ಕೈಗೆ ಕೆಲಸವಿದ್ದು, ಮುಖ ಮುಖ ನೋಡುವುದು ತಪ್ಪಿದರೆ ಮಾತು ಸಲೀಸು. ಮೊದಲ ಎರಡು ದಿನ ಅವ್ವನನ್ನೇ ಮಾತಾಡಿಸಿ. ಮೂರನೇ ದಿನ ಅವ್ವ ಚಹಾ ಮಾಡಲು ಎದ್ದುಹೋಗುತ್ತಾಳೆ.